ಹಿಂದಕ್ಕೆ ಓಡದ ಮೀಟರು

ಮೀಟರ್ ಪರೀಕ್ಷಾ ವಿಭಾಗಕ್ಕೆ ಹೊಸದಾಗಿ ಸೇರಿದ ಇಂಜಿನಿಯರುಗಳು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದಾದ ಮೇಲೆ ಕೇಳುವ ಪ್ರಶ್ನೆ ಒಂದೇ. "ಮೇಡಂ, ಈ ಸೋಲಾರು, ಸ್ಮಾರ್ಟ್ ಗ್ರಿಡ್ಡು ಎಲ್ಲಾ ನಿಮ್ ಟೈಮಲ್ಲೇ ಬಂದಿದ್ದಲ್ವಾ? ಹೆಂಗಿತ್ತು?" ಅವರಿಗೆ ಬೇಕಾಗಿರುವುದು ಒಂದು ಒಳ್ಳೆಯ ಭಾಷಣ. ನನಗೆ ಮೊದಲು ನೆನಪಾಗುವುದು ಮೈದಾ ಹಿಟ್ಟಿನ ಅಂಟು. ಹಾಗೆಂದರೆ ನಗುತ್ತಾರೆ. ಅದಕ್ಕೇ ಬರೆದು ಕೊಟ್ಟುಬಿಡೋಣವೆಂದು ಕೂತಿದ್ದೇನೆ. ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವೆಲ್ಲ ಎಲ್ಲರ ನೌಕರಿಯಲ್ಲೂ ಇರುವಂಥವು, ಅವನ್ನು ಬಿಡುತ್ತೇನೆ.

ನನ್ನ ಹೆಸರು ವಿಶಾಲಾಕ್ಷಿ. ವಿದ್ಯುತ್ ಕಂಪನಿಯಲ್ಲಿ ನನ್ನ ಹೆಚ್ಚಿನ ವರ್ಷಗಳು ಕಳೆದದ್ದು ಪೀಣ್ಯದ ಮೀಟರ್ ಪರೀಕ್ಷಾ ಕೊಠಡಿಯಲ್ಲಿ. ಹೊರಗೆ ಪ್ರೆಸ್ಸುಗಳ ಧಡಧಡ, ಒಳಗೆ ಗೋಡೆಯುದ್ದಕ್ಕೂ ಮೀಟರುಗಳ ಸಾಲು. ಊರಿನ ಯಾವ ಮೀಟರಿನ ಮೇಲೆ ಅನುಮಾನ ಬಂದರೂ ಅದನ್ನು ಕಿತ್ತು, ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ನಮ್ಮಲ್ಲಿಗೆ ತರುತ್ತಿದ್ದರು. ಗ್ರಾಹಕರ ಎದುರಿಗೇ ಬಿಚ್ಚಿ ಪರೀಕ್ಷೆ ಮಾಡಬೇಕು. ಮೀಟರು ಸರಿಯೋ ತಪ್ಪೋ ಹೇಳುವುದಷ್ಟೇ ನಮ್ಮ ಕೆಲಸ. ಗ್ರಾಹಕ ಸರಿಯೋ ತಪ್ಪೋ ಎಂದು ಹೇಳುವ ಕೆಲಸ ನಮ್ಮದಲ್ಲ. ಆದರೆ ಹೇಳದೆ ಇರುತ್ತಿದ್ದವರು ನಮ್ಮಲ್ಲಿ ಯಾರೂ ಇರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಇನ್ನೂ ಚಕ್ರದ ಮೀಟರುಗಳೇ ಹೆಚ್ಚು. ಗಾಜಿನ ಹಿಂದೆ ಅಲ್ಯೂಮಿನಿಯಂ ತಟ್ಟೆಯೊಂದು ಬಲಗಡೆಗೆ ತಿರುಗುತ್ತಿರುತ್ತದೆ. ತಂತಿಗಳನ್ನು ಅದಲುಬದಲು ಮಾಡಿದರೆ ಎಡಗಡೆಗೆ ತಿರುಗಿ, ಓಡಿದ ಲೆಕ್ಕವನ್ನೆಲ್ಲ ಅದೇ ಅಳಿಸುತ್ತದೆ. ತಿಂಗಳಲ್ಲಿ ಸ್ವಲ್ಪ ದಿನ ಮುಂದಕ್ಕೆ, ಸ್ವಲ್ಪ ದಿನ ಹಿಂದಕ್ಕೆ ಓಡಿಸುವ ಗಿರಾಕಿಗಳು ಪೀಣ್ಯದಲ್ಲಿ ಧಾರಾಳವಾಗಿದ್ದರು. ಆದ್ದರಿಂದ ನಮಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಯಾರ ಶೆಡ್ಡಿಗೆ ಹೋದರೂ, ನೆಂಟರ ಮನೆಗೆ ಹೋದರೂ, ಚಪ್ಪಲಿ ಬಿಡುವ ಮೊದಲೇ ಕಣ್ಣು ಮೀಟರಿನ ಕಡೆಗೆ ಹೋಗುತ್ತಿತ್ತು. ನನ್ನ ನಾದಿನಿ ಒಮ್ಮೆ, "ಅತ್ತಿಗೆ, ನಮ್ಮನೇದು ನೆಟ್ಟಗೇ ತಿರುಗ್ತಿದೆ, ಒಳಗೆ ಬನ್ನಿ" ಎಂದಿದ್ದಳು.

ಆಗ ನಮ್ಮ ಮೇಲಧಿಕಾರಿ ಪುಟ್ಟಸ್ವಾಮಿ ಸಾಹೇಬರು. ಇಸ್ತ್ರಿ ಮುರಿಯದ ಬಿಳಿ ಶರ್ಟು, ಹಣೆಯಲ್ಲಿ ಸಣ್ಣ ಕುಂಕುಮ. ಕಂಪನಿಯ ಒಂದು ಯೂನಿಟ್ಟು ಪೋಲಾದರೂ ಸ್ವಂತ ಮನೆಯ ಹಾಲು ಚೆಲ್ಲಿದಷ್ಟು ಸಂಕಟಪಡುತ್ತಿದ್ದರು. ಎಲೆಕ್ಟ್ರಾನಿಕ್ ಮೀಟರುಗಳನ್ನು ತರಿಸುವಾಗ ಅದರಲ್ಲಿ ಏನೇನಿರಬೇಕೆಂದು ಬರೆದುಕೊಟ್ಟವರು ಅವರೇ. ಅವರ ಮುಖ್ಯ ಷರತ್ತು ಇಷ್ಟು: ಕರೆಂಟು ಯಾವ ದಿಕ್ಕಿಗೆ ಹರಿದರೂ ಮೀಟರು ಅದನ್ನು ಬಳಕೆಯೆಂದೇ ಎಣಿಸಬೇಕು, ಹಿಂದಕ್ಕೆ ಹರಿದಾಗ ಮೂಲೆಯಲ್ಲೊಂದು ಗುರುತು ಮೂಡಬೇಕು, ಆ ಹೊತ್ತನ್ನು ನೆನಪಿಟ್ಟುಕೊಳ್ಳಬೇಕು.

"ನೋಡಿ ವಿಶಾಲಾಕ್ಷಿಯವ್ರೇ, ಕರೆಂಟು ನಮ್ಮಿಂದ ಜನಕ್ಕೆ ಹೋಗುತ್ತೆ. ಜನರಿಂದ ನಮಗೆ ಬರಲ್ಲ. ಬಂತು ಅಂದ್ರೆ ಅಲ್ಲೊಬ್ಬ ಕಳ್ಳ ಇದಾನೆ ಅಂತ ಲೆಕ್ಕ" ಎನ್ನುತ್ತಿದ್ದರು. ನಮಗೂ ಅದು ಸರಿಯೆಂದೇ ತೋರುತ್ತಿತ್ತು. ಆ ಮೀಟರು ಬಂದ ಮೇಲೆ ತಂತಿ ತಿರುಗಿಸುವ ವಿದ್ಯೆ ಪೀಣ್ಯದಲ್ಲಿ ಸತ್ತೇಹೋಯಿತು. ನಾವು ಲಾಡು ಹಂಚಿದೆವು.

ಸಾಹೇಬರು ಆರಂಭಿಸಿದ ಇನ್ನೊಂದು ಪದ್ಧತಿಯಿತ್ತು. ಯಾವ ಕಾಯ್ದೆಯಲ್ಲೂ ಇಲ್ಲದ್ದು, ನಮ್ಮ ವಿಭಾಗಕ್ಕೇ ಮೀಸಲು. ಕಳ್ಳತನದ ಕೇಸು ಹಾಕಿ ಲೈನು ಕತ್ತರಿಸಿದ ಮೇಲೆ, ಗೇಟಿಗೋ ಶಟರಿಗೋ ಒಂದು ದೊಡ್ಡ ಹಳದಿ ಕಾಗದ ಅಂಟಿಸುವುದು. 'ವಿದ್ಯುತ್ ಕಳವಿಗಾಗಿ ಸಂಪರ್ಕ ಕಡಿತಗೊಳಿಸಲಾಗಿದೆ' ಎಂದು ದಪ್ಪಕ್ಷರದಲ್ಲಿ. "ಬೀದಿಗೆ ಗೊತ್ತಾದ್ರೆ ಇನ್ನೊಬ್ಬ ಕದಿಯಲ್ಲ" ಎನ್ನುವುದು ಅವರ ನಂಬಿಕೆ. ಅದಕ್ಕೆ ಬೇಕಾದ ಮೈದಾ ಅಂಟು ತಯಾರಿಸುತ್ತಿದ್ದವನು ನಮ್ಮ ಕೊಠಡಿಯ ಮೆಕ್ಯಾನಿಕ್ ಬಸವರಾಜ. ಕುಷ್ಟಗಿ ಕಡೆಯವನು, ಲಗ್ಗೆರೆಯಲ್ಲಿ ಬಾಡಿಗೆ ಕೋಣೆ. ಹುಳ ಬೀಳದಂತೆ ಮೈಲುತುತ್ತ ಬೆರೆಸಿ, ಕಾಯಿಸಿ, ಕೈ ಬಿಡದೆ ತಿರುವಿ ಮಾಡುತ್ತಿದ್ದ. "ಕಾಗದ ಹರೀತೈತ್ರೀ ಮೇಡಂ, ಅಂಟು ಮಾತ್ರ ಬಿಡಂಗಿಲ್ಲ" ಎಂದು ಹೆಮ್ಮೆಪಡುತ್ತಿದ್ದ. ಅವನ ಮಾತು ನಿಜ. ಕೇಸು ಮುಗಿದು, ದಂಡ ಕಟ್ಟಿ, ಲೈನು ಮರಳಿ ಬಂದು ವರ್ಷವಾದರೂ ಕೆಲವು ಗೇಟುಗಳ ಮೇಲೆ ಆ ಹಳದಿ ಚೂರುಗಳು ಉಳಿದಿರುತ್ತಿದ್ದವು. ಅಂಟಿಸುವ ಪದ್ಧತಿ ನಮ್ಮಲ್ಲಿತ್ತು, ಕೀಳುವ ಪದ್ಧತಿ ಇರಲಿಲ್ಲ.

ಆಮೇಲೆ ಮೀಟರುಗಳಿಗೆ ಬಾಯಿ ಬಂತು. ಕಾರ್ಖಾನೆ, ಶೆಡ್ಡುಗಳ ಮೀಟರಿಗೆ ಮೋಡೆಮ್ಮು ಸೇರಿಸಿದರು. ಲೆಕ್ಕ ತಾನಾಗಿಯೇ ನಮ್ಮ ಕಂಪ್ಯೂಟರಿಗೆ ಬಂದು ಬೀಳುತ್ತದೆ, ಇನ್ನು ಯಾರೂ ಓಡಾಡಬೇಕಾಗಿಲ್ಲ ಎಂದು ಉದ್ಘಾಟನೆಯಾಯಿತು, ಫೋಟೋ ತೆಗೆದರು. ಮಾರನೆಯ ದಿನ ನೋಡಿದರೆ ಅರ್ಧಕ್ಕರ್ಧ ಮೀಟರುಗಳು ಮೌನ. ಪೀಣ್ಯದ ಶೆಡ್ಡುಗಳೆಲ್ಲ ತಗಡಿನವು, ಮೀಟರಿನ ಪೆಟ್ಟಿಗೆ ಕಬ್ಬಿಣದ್ದು, ಅದರೊಳಗಿನ ಮೋಡೆಮ್ಮಿಗೆ ಸಿಗ್ನಲ್ ಎಲ್ಲಿಂದ ಬರಬೇಕು? ತಿಂಗಳ ಕೊನೆಗೆ ಲೆಕ್ಕ ಬೇಕೇಬೇಕು. ಹಳೇ ಗಂಡನ ಪಾದವೇ ಗತಿ ಎಂದು ಬಸವರಾಜನನ್ನೇ ಬೈಕಿನಲ್ಲಿ ಕಳಿಸಿದೆವು. ಅವನು ತಾನೇ ತಾನಾಗಿ ಓದಿಕೊಳ್ಳುವ ಮೀಟರುಗಳನ್ನು ಒಂದೊಂದಾಗಿ ಓದಿಕೊಂಡು ಬರುತ್ತಿದ್ದ. ಬಂದವನೇ, "ಸ್ಮಾರ್ಟ್ ಮೀಟರ್ ಬಂದೀನ್ರೀ ಮೇಡಂ, ಚಾ ಕುಡಿಸ್ರಿ" ಎನ್ನುವನು. ಆಂಟೆನಾವನ್ನು ಪೆಟ್ಟಿಗೆಯ ಹೊರಗೆ ತರಬೇಕೆಂದು ಹೊಳೆದು, ಅದಕ್ಕೆ ಮಂಜೂರಾತಿ ಬರುವಷ್ಟರಲ್ಲಿ ಎಷ್ಟೋ ಸಮಯ ಹಿಡಿಯಿತು. ಹೊಸ ಯಂತ್ರ ಕೆಡುವುದು ಹೆಚ್ಚಾಗಿ ಇಂಥ ಸಣ್ಣ ಕಡೆಯಲ್ಲೇ. ಪೆಟ್ಟಿಗೆಯಂಥದ್ದನ್ನು ಮೊದಲು ನೋಡಿ.

ಸ್ವಲ್ಪ ಕಾಲ ನನ್ನನ್ನು ವೈಟ್‌ಫೀಲ್ಡ್ ಕಡೆಗೂ ಹಾಕಿದ್ದರು. ಪಟ್ಟಂದೂರು ಅಗ್ರಹಾರದ ಪಕ್ಕದ ಒಂದು ಗಾಜಿನ ಕಟ್ಟಡದವರು ಚಿತ್ರದುರ್ಗದ ಕಡೆಯ ಗಾಳಿಯಂತ್ರದವರಿಂದ ನೇರವಾಗಿ ಕರೆಂಟು ಕೊಳ್ಳಲು ಆರಂಭಿಸಿದ್ದರು. ಕರೆಂಟು ಗಾಳಿಯವರದ್ದು, ತಂತಿ ನಮ್ಮದು, ತಂತಿಗೆ ಬಾಡಿಗೆ. ಅಲ್ಲಿನ ಕಟ್ಟಡ ನೋಡಿಕೊಳ್ಳುವ ಮ್ಯಾನೇಜರ್ ಹುಡುಗ ನನ್ನನ್ನು ಬೇಸ್‌ಮೆಂಟಿಗೆ ಕರೆದೊಯ್ದು ಕೇಳಿದ. "ಮೇಡಂ, ಇದ್ರಲ್ಲಿ ಯಾವ ಕೇಬಲ್ಲಲ್ಲಿ ವಿಂಡ್ ಪವರ್ ಬರ್ತಿದೆ? ಅದಕ್ಕೆ ಗ್ರೀನ್ ಸ್ಟಿಕ್ಕರ್ ಹಾಕ್ಬೇಕು."

ನಾನು ಅವನಿಗೆ ಹಾಲಿನ ಡೈರಿಯ ಉದಾಹರಣೆ ಕೊಟ್ಟೆ. ಹಳ್ಳಿಯ ಡೈರಿಗೆ ಎಲ್ಲರೂ ಹಾಲು ಹಾಕುತ್ತಾರೆ, ಎಲ್ಲ ಒಂದೇ ಕ್ಯಾನಿಗೆ. ನೀನು ಕುಡಿದದ್ದು ಯಾರ ಹಸುವಿನ ಹಾಲೆಂದು ಯಾರೂ ಹೇಳಲಾರರು, ಯಾರು ಎಷ್ಟು ಹಾಕಿದರು, ಯಾರು ಎಷ್ಟು ಒಯ್ದರು ಎನ್ನುವುದಕ್ಕೆ ಮಾತ್ರ ಲೆಕ್ಕ. ಕರೆಂಟೂ ಹಾಗೆಯೇ. ಹಾಕಿದ ಹಾಲು ಹತ್ತಿರದ ಬಾಯಿಗೆ ಮೊದಲು ಹೋಗುತ್ತದೆ. "ಅಂದ್ರೆ ನಮ್ಮ ಎಸಿ ಓಡ್ತಿರೋದು ಗಾಳೀಲಿ ಅಲ್ವಾ?" ಎಂದು ಹುಡುಗನ ಮುಖ ಸಪ್ಪಗಾಯಿತು. ಪಾಪ, ಸ್ಟಿಕ್ಕರು ಮೊದಲೇ ಮಾಡಿಸಿಟ್ಟಿದ್ದ.

ಈ ಹಾಲಿನ ಲೆಕ್ಕವನ್ನು ಅಷ್ಟು ಚೆನ್ನಾಗಿ ಊರಿಗೆಲ್ಲ ಹೇಳಿದ ನಮ್ಮ ಕಂಪನಿ, ತನ್ನ ಅಂಗಳದಲ್ಲೇ ಅದನ್ನು ಮರೆತದ್ದು ಗೌರಮ್ಮನ ವಿಷಯದಲ್ಲಿ.

ಗೌರಮ್ಮ ರಾಜಗೋಪಾಲನಗರದವಳು. ಕೈಗಾರಿಕಾ ಪ್ರದೇಶ ಆಗುವುದಕ್ಕೆ ಮೊದಲಿನಿಂದ ಅಲ್ಲಿದ್ದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲ ಹೋಗಿ ಉಳಿದ ತುಂಡು ಜಾಗದಲ್ಲಿ ಅವಳ ಗಂಡ ಸ್ಪ್ರಿಂಗ್ ಮಾಡುವ ಶೆಡ್ಡು ಹಾಕಿದ್ದ. ಅವನು ತೀರಿಕೊಂಡ ಮೇಲೆ ಅವಳೇ ನಡೆಸುತ್ತಿದ್ದಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ತಂತಿಯ ಸುರುಳಿಯನ್ನು ಬೆರಳಲ್ಲಿ ಒತ್ತಿ ನೋಡಿ ಗಟ್ಟಿಯೋ ಅಲ್ಲವೋ ಹೇಳುವಳು. ಕೆಲಸಕ್ಕೆ ರಾಯಚೂರು, ಕೊಪ್ಪಳದ ಕಡೆಯ ಹುಡುಗರು. ಒಂದು ದೊಡ್ಡ ವಾಹನ ಕಂಪನಿಗೆ ಸ್ಪ್ರಿಂಗ್ ಕೊಡುತ್ತಿದ್ದಳು. ಆ ಕಂಪನಿಯವರು ಸರಕಿನ ಜೊತೆಗೆ ಕೊಡುವವರ ನಡತೆಯನ್ನೂ ನೋಡುವವರು. ಕೋರ್ಟು, ಕೇಸು ಎಂದರೆ ಮಾರನೆಯ ದಿನವೇ ಬೇರೆಯವರನ್ನು ಹುಡುಕುತ್ತಾರೆ.

ಚಾವಣಿಯ ಮೇಲೆ ಸೋಲಾರ್ ಹಾಕಿಸಿ, ಮಿಕ್ಕಿದ್ದನ್ನು ನಮ್ಮ ವಿದ್ಯುತ್ ಕಂಪನಿಗೆ ಕೊಡಬಹುದು ಎಂಬ ಯೋಜನೆ ಬಂದಾಗ ಆ ಬೀದಿಯಲ್ಲಿ ಮೊದಲು ಹಾಕಿಸಿದವಳು ಗೌರಮ್ಮ. ಹೊಗೆ ಕಾರುತ್ತಿದ್ದ ಹಳೆಯ ಜನರೇಟರನ್ನು ಮಾರಿಯೇ ಹಾಕಿಸಿದಳು. ಇಂಥ ಕಡೆ ಕೊಟ್ಟದ್ದನ್ನೂ ತಗೊಂಡದ್ದನ್ನೂ ಬೇರೆ ಬೇರೆಯಾಗಿ ಎಣಿಸುವ ಎರಡು ದಿಕ್ಕಿನ ಮೀಟರು ಬೇಕು. ಅದು ನಮ್ಮ ಉಗ್ರಾಣದಲ್ಲಿ ಇರಲಿಲ್ಲ. "ಸದ್ಯಕ್ಕೆ ಹಳೇ ಮೀಟರಲ್ಲೇ ಇರ್ಲಿ, ಬಂದ್ಮೇಲೆ ಹಾಕೋಣ" ಎಂದು ಸ್ಥಳೀಯ ಕಚೇರಿಯವರು ಸ್ವಿಚ್ಚು ಹಾಕಿಕೊಟ್ಟು ಬಂದರು.

ಉಳಿದದ್ದನ್ನು ನೀವೇ ಊಹಿಸಬಹುದು. ಕೆಲಸದ ದಿನ ಸೋಲಾರಿನದ್ದನ್ನೆಲ್ಲ ಅವಳ ಯಂತ್ರಗಳೇ ತಿಂದುಬಿಡುತ್ತಿದ್ದವು. ಭಾನುವಾರ ಶೆಡ್ಡಿಗೆ ಬೀಗ. ಬಿಸಿಲು ಮಾತ್ರ ರಜ ಹಾಕುವುದಿಲ್ಲವಲ್ಲ, ಆವತ್ತಿನದ್ದು ಪೂರ್ತಿ ನಮ್ಮ ತಂತಿಗೆ ಹರಿಯಿತು. ಪುಟ್ಟಸ್ವಾಮಿ ಸಾಹೇಬರ ಮೀಟರು ತನಗೆ ಕಲಿಸಿಕೊಟ್ಟ ಹಾಗೆಯೇ ಅದನ್ನು ಬಳಕೆಯೆಂದು ಎಣಿಸಿತು, ಮೂಲೆಯಲ್ಲಿ ಕಳ್ಳಗುರುತು ತೋರಿಸಿತು, ಮೋಡೆಮ್ಮಿನ ಮೂಲಕ ಕಂಪ್ಯೂಟರಿಗೆ ಚಾಡಿಯನ್ನೂ ಹೇಳಿತು. ಗೌರಮ್ಮನ ಬಿಲ್ಲು ಇಳಿಯುವ ಬದಲು ಏರಿತು. ಅವಳು ಕೌಂಟರಿಗೆ ಬಂದು ಕೇಳಿದರೆ "ಹೊಸ ಮೀಟರ್ ಬಂದ್ರೆ ಸರಿಹೋಗುತ್ತೆ" ಎಂದರಂತೆ. ಅಷ್ಟರಲ್ಲಿ ಕಳವು ಹಿಡಿಯುವ ನಮ್ಮ ಜಾಗೃತ ದಳದವರು ಕಂಪ್ಯೂಟರಿನ ಚಾಡಿಯನ್ನು ನಂಬಿ ಒಂದು ಸೋಮವಾರ ಜೀಪಿನಲ್ಲಿ ಹೋಗಿ ಲೈನು ಕತ್ತರಿಸಿ, ಮೀಟರು ಬಿಚ್ಚಿ, ಶಟರಿಗೆ ಹಳದಿ ಕಾಗದ ಅಂಟಿಸಿ ಬಂದರು. ಚಾವಣಿಯ ಮೇಲೆ ಏನಿದೆಯೆಂದು ಒಬ್ಬರೂ ತಲೆಯೆತ್ತಿ ನೋಡಲಿಲ್ಲ. ನಮ್ಮವರ ಕಣ್ಣು ಮೀಟರಿನ ಎತ್ತರಕ್ಕಿಂತ ಮೇಲೆ ಹೋದದ್ದೇ ಇಲ್ಲ.

ಬಟ್ಟೆ ಸುತ್ತಿದ ಮೀಟರಿನ ಹಿಂದೆಯೇ ಗೌರಮ್ಮ ನಮ್ಮ ಕೊಠಡಿಗೆ ಬಂದಳು. ಅಳಲಿಲ್ಲ. ಕೂರು ಎಂದರೆ ಕೂರಲಿಲ್ಲ.

"ಮೇಡಮ್ನೋರೆ, ಲೈನ್ ಕತ್ತರ್ಸಿದ್ರು, ಸರಿ. ಬಿಸ್ಲು ಇಂಗೆ ಸುಡ್ತೈತೆ, ನನ್ ಸೋಲಾರ್ ಐತೆ, ಒಳಗೆ ಒಂದ್ ಬಲ್ಬೂ ಅತ್ತಲ್ಲ ಅಂದ್ರೆ ಏನು? ಅದ್ನೂ ಕಿತ್ಕೊಂಡ್ ಬಂದ್ರಾ?"

ಅದಲ್ಲ ಕಾರಣ. ಈ ಬಗೆಯ ಸೋಲಾರು ನಮ್ಮ ಲೈನು ಸತ್ತರೆ ತಾನೂ ನಿಲ್ಲುತ್ತದೆ. ಇಲ್ಲವಾದರೆ ಸತ್ತ ಲೈನೆಂದು ಕಂಬ ಹತ್ತಿದ ಲೈನ್‌ಮನ್‌ಗೆ ಅದರಿಂದಲೇ ಕರೆಂಟು ಹೊಡೆಯುತ್ತದೆ. ವಿವರಿಸಿ ಹೇಳಿದೆ. ಅವಳು ಕೇಳಿಸಿಕೊಂಡು, "ಅಂಗಾದ್ರೆ ನಿಮ್ ಲೈನ್‌ಮನ್ ಸಾಯ್ಬಾರ್ದು ಅಂತ ಅದು ಸುಮ್ನಾಗೈತೆ. ಒಳ್ಳೇದೇ" ಎಂದಳು. ಆಮೇಲೆ ದನಿ ತಗ್ಗಿಸಿ, "ಉಡುಗ್ರು ಗೇಟ್ ಮುಂದೆ ಕುಂತವ್ರೆ. ಆ ಅಳ್ದಿ ಕಾಗ್ದ ನೋಡಿ ಓಗೋರ್ ಬರೋರೆಲ್ಲಾ ನಿಂತ್ಕೊಂಡು ಓದ್ತಾರೆ. ಪಕ್ಕದ ಗೋವಿಂದ ನನ್ ಮೊಕಕ್ಕೇ ಕರೆಂಟ್ ಕಳ್ಳಿ ಅಂದ. ನಮ್ಮಾವನ ಒಲದ ಮೇಲೆ ನಿಂತ್ಕೊಂಡು ಅಂದ ಕಣವ್ವ" ಎಂದಳು. ಗೋವಿಂದ ಎಂದರೆ ಪಕ್ಕದ ಶೆಡ್ಡಿನ ಪ್ಲಾಸ್ಟಿಕ್ ಮೋಲ್ಡಿಂಗ್‌ನವನು. ಅವನ ಶೆಡ್ಡು ಎದ್ದದ್ದು ಅವಳ ಮಾವನ ಹಳೆಯ ಹೊಲದಲ್ಲಿ.

ಅವಳೆದುರೇ ಮೀಟರು ಬಿಚ್ಚಿ ಪರೀಕ್ಷಾ ಬೆಂಚಿಗೆ ಏರಿಸಿದೆ. ಬಸವರಾಜ ಕರೆಂಟನ್ನು ಹಿಂದಕ್ಕೆ ಹರಿಸಿದ. ಮೀಟರು ಮುಂದಕ್ಕೆ ಎಣಿಸಿತು. ಸಾಹೇಬರನ್ನು ಕರೆದು ತೋರಿಸಿ, "ಸಾರ್, ಇವರು ಕೊಟ್ಟಿದ್ದನ್ನ ನಮ್ ಮೀಟರು ತಗೊಂಡಿದ್ದು ಅಂತ ಎಣಿಸಿದೆ" ಎಂದೆ.

ಸಾಹೇಬರು ಬಗ್ಗಿ ನೋಡಿದರು. ಅವರ ಮುಖ ಅರಳಿತು. "ನಾನು ಹೇಳಿದ ಹಾಗೇ ಕೆಲಸ ಮಾಡ್ತಿದೆಯಲ್ರೀ! ಅಂದ್ಮೇಲೆ ಮೀಟರ್ ಸರಿ ಇದೆ. ಮೀಟರ್ ಸರಿ ಇದ್ರೆ ಕೇಸೂ ಸರಿ ಇದೆ."

"ಸಾರ್, ಅವ್ರ ಹತ್ರ ಸೋಲಾರ್ ಇದೆ."

"ಸೋಲಾರ್ ಇರೋರು ಕದಿಯಲ್ಲ ಅಂತ ಎಲ್ಲಾದ್ರೂ ಬರ್ದಿದ್ಯಾ? ಅದನ್ನ ಮುಂದಿಟ್ಕೊಂಡು ಹಿಂದೆ ತಂತಿ ತಿರುಗಿಸೋರೂ ಇರ್ತಾರೆ."

ಇದು ಪೂರ್ತಿ ಹುಚ್ಚುಮಾತಲ್ಲ ಎನ್ನುವುದೇ ಕಷ್ಟ. ಹಾಗೆ ಮಾಡುವವರೂ ಇದ್ದರು. ಶೆಡ್ಡಿಗೆ ಹೋಗಿ ತೋರಿಸೋಣವೆಂದರೆ ಲೈನು ಬೇಕು, ಲೈನಿಲ್ಲದೆ ಸೋಲಾರು ಏಳುವುದಿಲ್ಲ. ಕೇಸು ಮುಗಿಯದೆ ಲೈನು ಕೊಡುವಂತಿಲ್ಲ, ಸೋಲಾರು ಎದ್ದು ತೋರಿಸದೆ ಕೇಸು ಮುಗಿಯುವುದಿಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು ಎನ್ನುವ ಕಥೆ.

ನಾನು ಕಂಪ್ಯೂಟರಿಗೆ ಬಂದಿದ್ದ ಕಳ್ಳಗುರುತಿನ ದಿನಗಳನ್ನು ಮುದ್ರಿಸಿಕೊಂಡು ಸಾಹೇಬರ ಮೇಜಿನ ಮೇಲಿಟ್ಟು ಒಂದೊಂದಾಗಿ ಓದಿದೆ. ಭಾನುವಾರ. ಭಾನುವಾರ. ಮತ್ತೆ ಭಾನುವಾರ. ಎಲ್ಲವೂ ಹಗಲು. ಸಾಹೇಬರು, "ರಜದ ದಿನ ನೋಡೋರು ಯಾರೂ ಇರಲ್ಲ, ಕದಿಯೋಕೆ ಒಳ್ಳೇ ದಿನ" ಎಂದರು. ಮುಂದಿನದ್ದು ಭಾನುವಾರವಾಗಿರಲಿಲ್ಲ. ಅದನ್ನು ಓದುತ್ತಿದ್ದಂತೆ ನಾನೇ ಒಮ್ಮೆ ತಡೆದೆ.

"ಇದು ಆಯುಧಪೂಜೆ ದಿನ ಸಾರ್."

ಸಾಹೇಬರು ಕನ್ನಡಕ ತೆಗೆದರು. ನಮ್ಮ ಕೊಠಡಿಯ ಆಯುಧಪೂಜೆಯನ್ನು ಪ್ರತಿವರ್ಷ ಅವರೇ ಮಾಡುತ್ತಿದ್ದರು. ಪರೀಕ್ಷಾ ಬೆಂಚಿಗೆ, ಕಟ್ಟಿಂಗ್ ಪ್ಲೇಯರಿಗೆ, ಜೀಪಿಗೆ ಅರಿಸಿನ ಕುಂಕುಮ, ಕುಂಬಳಕಾಯಿ ಒಡೆದು, ಆವತ್ತಿಡೀ ಒಂದು ಸ್ಕ್ರೂ ಡ್ರೈವರನ್ನೂ ಮುಟ್ಟಗೊಡುತ್ತಿರಲಿಲ್ಲ.

"ಆಯುಧಪೂಜೆ ದಿನಾನಾ?" ಎಂದು ಮತ್ತೆ ಕೇಳಿದರು. "ಅವತ್ತು ಯಾರ್ರೀ ಮೆಷಿನ್ ಮುಟ್ತಾರೆ?"

"ಅದನ್ನೇ ನಾನೂ ಕೇಳ್ತಿರೋದು ಸಾರ್. ಕಳ್ಳಾನೂ ಮುಟ್ಟಲ್ಲ."

ಇಷ್ಟು ವರ್ಷ ಅವರೆದುರು ನಾನು ಮಂಡಿಸಿದ ತಾಂತ್ರಿಕ ವಾದಗಳಲ್ಲಿ ಒಂದಕ್ಕೂ ಅವರು ಹಾಗೆ ಬೆರಗಾದದ್ದಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, ನಮ್ಮ ಸಮ್ಮುಖದಲ್ಲಿ, ಪರೀಕ್ಷೆಗೆ ಮಾತ್ರ, ಒಂದು ಭಾನುವಾರ ಲೈನು ಕೊಡಲು ಒಪ್ಪಿದರು. "ನಾನೂ ಬರ್ತೀನಿ" ಎಂದರು.

ಆ ಭಾನುವಾರ ಬಿಸಿಲು ಚುರುಗುಟ್ಟುತ್ತಿತ್ತು. ಅದೇ ಮೀಟರನ್ನು ಅದೇ ಜಾಗದಲ್ಲಿ ಕೂರಿಸಿದೆವು. ಶೆಡ್ಡಿನೊಳಗೆ ಎಲ್ಲ ಯಂತ್ರಗಳೂ ನಿಂತಿದ್ದವು. ಲೈನು ಕೊಟ್ಟ ಸ್ವಲ್ಪ ಹೊತ್ತಿಗೆ ಸೋಲಾರು ಎದ್ದಿತು, ಮೀಟರಿನ ಮೂಲೆಯಲ್ಲಿ ಗುರುತು ಮೂಡಿತು. ಸಾಹೇಬರು ಸ್ಟೂಲೆಳೆದುಕೊಂಡು ಮೀಟರಿಗೆ ಮೂಗು ತಾಗುವಷ್ಟು ಹತ್ತಿರ ಕೂತರು. ಚಾವಣಿಯ ಮೇಲೆ ಬಸವರಾಜ ಮತ್ತು ಗೌರಮ್ಮನ ಇಬ್ಬರು ಕೆಲಸಗಾರರು ನೀಲಿ ಟಾರ್ಪಾಲಿನ ಮೂಲೆಗಳನ್ನು ಹಿಡಿದು ನಿಂತಿದ್ದರು.

"ಮುಚ್ರೋ" ಎಂದೆ.

ಟಾರ್ಪಾಲು ಸರಸರನೆ ಸೋಲಾರ್ ಹಲಗೆಗಳ ಮೇಲೆ ಬಿತ್ತು. ಗುರುತು ಆರಿತು.

"ತೆಗೀರಿ."

ಗುರುತು ಬಂತು. ಸಾಹೇಬರಿಗೆ ನಂಬಿಕೆ ಬರಲಿಲ್ಲ. ಎದ್ದು ಹೊರಗೆ ಬಂದು ತಾವೇ ಕೂಗಿದರು. "ಅರ್ಧ ಮುಚ್ಚಿ!" ಓಡಿ ಒಳಗೆ ಹೋಗಿ ನೋಡಿದರು. ಎಣಿಕೆ ನಿಧಾನವಾಗಿತ್ತು. ಮತ್ತೆ ಹೊರಗೆ ಬಂದು, "ಪೂರ್ತಿ ತೆಗೀರಿ!" ಇಸ್ತ್ರಿಯ ಶರ್ಟು ಬೆನ್ನಿಗೆ ಅಂಟಿಕೊಂಡಿತು. ಮೇಲಿಂದ ಬಸವರಾಜ, "ಮೇಡಂ, ಸಾಹೇಬ್ರಿಗೆ ಆಟ ಹತ್ತೇತಿ, ನಮಗ ಕಾಲ್ ಸುಡಾಕ್ಹತ್ತಾವ್ರೀ" ಎಂದು ಕೂಗಿದ.

ಕೊನೆಗೆ ಸಾಹೇಬರು ಸ್ಟೂಲಿನ ಮೇಲೆ ಕುಸಿದು ಕೂತು ನನ್ನನ್ನು ಕೇಳಿದರು. "ಇಲ್ಲಿ ಬಳಸೋರು ಯಾರೂ ಇಲ್ಲ. ಇದು ಎಲ್ಲಿಗೆ ಹೋಗ್ತಿದೆ?"

ಉತ್ತರ ಕೊಡಲು ಓದಬೇಕಾಗಿರಲಿಲ್ಲ. ಆ ಬೀದಿಯಲ್ಲಿ ಭಾನುವಾರವೂ ಸದ್ದು ಕೇಳುತ್ತಿದ್ದದ್ದು ಒಂದೇ ಶೆಡ್ಡಿನಿಂದ. ಪ್ಲಾಸ್ಟಿಕ್ ಮೋಲ್ಡಿಂಗ್‌ನವರು ಹೀಟರು ಆರಿಸುವಂತಿಲ್ಲ, ಆರಿಸಿದರೆ ಪ್ಲಾಸ್ಟಿಕ್ಕು ಒಳಗೇ ಗಟ್ಟಿಯಾಗುತ್ತದೆ. ಗೋವಿಂದ ತನ್ನ ಬಾಗಿಲಲ್ಲೇ ನಿಂತು ನಮ್ಮ ತಮಾಷೆ ನೋಡುತ್ತಿದ್ದ. ಡೈರಿಗೆ ಹಾಕಿದ ಹಾಲು ಹತ್ತಿರದ ಬಾಯಿಗೆ ಮೊದಲು ಹೋಗುತ್ತದೆ.

"ಪಕ್ಕಕ್ಕೆ ಸಾರ್" ಎಂದೆ. "ಅವ್ರ ಮೀಟರಲ್ಲೂ ಎಣಿಕೆ ಆಗ್ತಿದೆ. ಕೊಟ್ಟೋರಿಗೂ ಬಿಲ್ಲು, ತಗೊಂಡೋರಿಗೂ ಬಿಲ್ಲು."

ಗೌರಮ್ಮ ಅದನ್ನು ನಿಧಾನವಾಗಿ ಅರ್ಥಮಾಡಿಕೊಂಡಳು. ಗೋವಿಂದನ ಕಡೆ ನೋಡಿದಳು, ಆಮೇಲೆ ನಮ್ಮಿಬ್ಬರ ಕಡೆ.

"ಅಂಗಾದ್ರೆ ಮೇಡಮ್ನೋರೆ, ಕದ್ದಿದ್ ಯಾರು?"

ತಾ ಕಳ್ಳ ಪರರ ನಂಬ ಎಂಬ ಗಾದೆ ನನ್ನ ಬಾಯಿಯ ತುದಿಗೆ ಬಂದಿತ್ತು. ಮೇಲಧಿಕಾರಿಯ ಎದುರಿಗೆ ನುಂಗಿಕೊಂಡೆ. ಗೋವಿಂದ ಸದ್ದಿಲ್ಲದೆ ಒಳಗೆ ಹೋದ.

ಕೇಸು ಅಲ್ಲಿಗೇ ಬಿದ್ದುಹೋಯಿತು. ಸಾಹೇಬರು ಮರುದಿನವೇ ಪೊಲೀಸರಿಗೂ ಕಚೇರಿಗೂ ಬರೆದು, ಲೈನು ಮತ್ತೆ ಕೊಡಿಸಿ, ಎಲ್ಲಿಂದಲೋ ಒಂದು ಎರಡು ದಿಕ್ಕಿನ ಮೀಟರನ್ನೂ ತರಿಸಿದರು. ಹೆಚ್ಚಾಗಿ ಹಾಕಿದ್ದ ಬಿಲ್ಲನ್ನೂ ಸರಿಮಾಡಿಸಿದರು. ನಮ್ಮ ಕಡೆಯಿಂದ ಮುಗಿಯಿತು ಎಂದುಕೊಂಡೆವು. ಆದರೆ ಗೌರಮ್ಮ ಮತ್ತೆ ನಮ್ಮ ಕೊಠಡಿಗೆ ಬಂದಳು.

"ಕರೆಂಟ್ ಬಂತು, ಕೇಸ್ ಓಯ್ತು. ಕಾಗ್ದ ಅಂಗೇ ಐತೆ."

"ನಿಮ್ಮ ಹುಡುಗರ ಕೈಲಿ ಕೀಳಿಸಿಬಿಡಮ್ಮ" ಎಂದರು ಸಾಹೇಬರು.

"ಕೀಳ್ಸೋಕ್ ಆಗಲ್ವಾ ನಂಗೆ? ಬೆಳಗಾಗೋದ್ರಾಗೆ ಉಜ್ಜಾಕಿಸ್ತಿದ್ದೆ. ಆಮೇಲೆ ಜನ ಏನಂತಾರೆ? ಕಳ್ಳಿ ಕಾಗ್ದ ಕಿತ್ಕೊಂಡ್ಲು ಅಂತಾರೆ. ಮುಂದಿನ್ ವಾರ ಸ್ಪ್ರಿಂಗ್ ತಗೊಳ್ಳೋ ಕಂಪ್ನಿಯೋರು ಶೆಡ್ ನೋಡಕ್ ಬತ್ತಾರೆ, ಅವ್ರ ಕಿವಿಗೂ ಅದೇ ಬೀಳ್ತೈತೆ. ಅಂಟ್ಸಿದೋರೇ ಬಂದು ಕೀಳ್ಬೇಕು ಸಾರ್. ಬೀದಿಯೋರೆಲ್ಲ ಕೆಲ್ಸಕ್ ಬರೋ ಹೊತ್ತಾಗೆ."

"ಹಾಗೆಲ್ಲ ಪದ್ಧತಿ ಇಲ್ಲಮ್ಮ."

"ಅಂಟ್ಸೋಕ್ ಇತ್ತಾ ಪದ್ಧತಿ?" ಎಂದು ಕೇಳಿ ಗೌರಮ್ಮ ಹೊರಟುಹೋದಳು.

ಆ ಸಂಜೆಯೇ ನಾನು ಬಸವರಾಜನನ್ನು ಕರೆದುಕೊಂಡು ಹೋಗಿ ಕಿತ್ತು ಬರೋಣವೆಂದು ತೀರ್ಮಾನಿಸಿದ್ದೆ. ಬೆಳಿಗ್ಗೆ ಪಾಳಿ ಶುರುವಾಗುವ ಹೊತ್ತಿಗೆ ನಾವಿಬ್ಬರೂ ಬೀದಿಗೆ ಹೋದರೆ, ನಮ್ಮ ಕಂಪನಿಯ ಜೀಪು ಆಗಲೇ ಅಲ್ಲಿ ನಿಂತಿತ್ತು. ಊಟದ ಡಬ್ಬಿ ಹಿಡಿದ ಜನ ಗುಂಪುಗಟ್ಟಿದ್ದರು. ಗೋವಿಂದನೂ ಇದ್ದ. ಶಟರಿನ ಮುಂದೆ, ಶರ್ಟಿನ ತೋಳು ಮಡಚಿಕೊಂಡು, ಪುಟ್ಟಸ್ವಾಮಿ ಸಾಹೇಬರು ಉಗುರಿನಿಂದ ಹಳದಿ ಕಾಗದದ ಒಂದು ಮೂಲೆಯನ್ನು ಎಬ್ಬಿಸಲು ನೋಡುತ್ತಿದ್ದರು.

ಕಾಗದ ಹರಿಯುತ್ತಿತ್ತೇ ಹೊರತು ಅಂಟು ಬಿಡುತ್ತಿರಲಿಲ್ಲ. ನಾವು ಕೈಹಾಕಲು ಹೋದರೆ "ಬೇಡ, ಇರಿ" ಎಂದರು. ಗೌರಮ್ಮ ಒಳಗಿನಿಂದ ಒಂದು ಬಕೆಟ್ ನೀರು ತಂದು ಅವರ ಕಾಲ ಬಳಿ ಇಟ್ಟಳು, ಒಂದು ತಂತಿ ಬ್ರಷ್ಷನ್ನೂ ಕೊಟ್ಟಳು. 'ಕಳವು' ಎನ್ನುವ ಪದ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಅವರು ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಉಜ್ಜಿ, ಮತ್ತೆ ಚಿಮುಕಿಸಿ, ಬಿಳಿ ಶರ್ಟಿನ ತುಂಬ ಹಳದಿ ಕಲೆ ಮಾಡಿಕೊಂಡರು. ಬೀದಿಯಲ್ಲಿ ಯಾರೂ ನಗಲಿಲ್ಲ. ನನಗೆ ಆ ಮನುಷ್ಯನ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಇಡೀ ನೌಕರಿಯಲ್ಲಿ ನಾನು ಮನಸಾರೆ ಗೌರವಿಸಿದ ಮೇಲಧಿಕಾರಿ ಯಾರೆಂದು ಕೇಳಿದರೆ ಈಗಲೂ ಅವರ ಹೆಸರನ್ನೇ ಹೇಳುತ್ತೇನೆ.

ಶಟರು ಸ್ವಚ್ಛವಾದ ಮೇಲೆ ಸಾಹೇಬರು ಬಕೆಟ್ಟಿನಲ್ಲಿ ಕೈ ತೊಳೆದುಕೊಂಡರು. ಗೌರಮ್ಮ ಸ್ಟೀಲ್ ಲೋಟದಲ್ಲಿ ಕಾಫಿ ತಂದು, "ಕುಡೀರಿ ಸಾರ್" ಎಂದಳು. ಅಷ್ಟೇ ಮಾತು. ಆಮೇಲೆ ಶಟರನ್ನು ತಲೆಯ ಮೇಲಕ್ಕೆ ತಳ್ಳಿದಳು, ಒಳಗೆ ಯಂತ್ರಗಳು ಶುರುವಾದವು.

ಸಾಹೇಬರು ಕಾಫಿ ಮುಗಿಸಿ ಜೀಪು ಹತ್ತುವ ಮೊದಲು ಉಗುರಿನ ಸಂದಿಯಲ್ಲಿ ಸಿಕ್ಕಿದ್ದ ಅಂಟನ್ನು ನೋಡಿಕೊಂಡು ಬಸವರಾಜನ ಕಡೆ ತಿರುಗಿದರು.

"ಬಸವರಾಜ, ಇನ್ಮೇಲೆ ಅಂಟನ್ನ ಸ್ವಲ್ಪ ತೆಳ್ಳಗೆ ಕಲಸಪ್ಪ."